ಬೀಪ್ ಕೇಳಿದ ಮೇಲೆ ಕೈ ಮೊದಲಾ, ಕಾಲು ಮೊದಲಾ?

ಹೋದ ಸಂಚಿಕೆಯಲ್ಲಿ ಯಾವುದೋ ಪ್ರಶ್ನೆಗೆ ಉತ್ತರ ಬರೆಯುತ್ತಾ, ಥಾಯ್ಲೆಂಡಿನ ಪಟ್ಟಾಯಕ್ಕೆ ಪಿಸ್ತೂಲು ತೆಗೆದುಕೊಂಡು ಹೋಗಿದ್ದೆ ಅಂತ ಒಂದು ಸಾಲು ಸೇರಿಸಿಬಿಟ್ಟಿದ್ದೆ. ಅಷ್ಟೇ ಸಾಕಾಯಿತು. ಅರ್ಧ ಜನ ಪಟ್ಟಾಯ ಅಂದ ಕೂಡಲೇ ನಕ್ಕಿದ್ದೀರಿ, ಇನ್ನರ್ಧ ಜನ ಪಿಸ್ತೂಲು ಅಂದ ಕೂಡಲೇ ಗಾಬರಿಯಾಗಿದ್ದೀರಿ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ನಾನು ಹಾಸನದ ಕಡೆಯವನು, ಕೆಲಸ ಮೆಲ್ಬರ್ನ್‌ನಲ್ಲಿ, ಶನಿವಾರ ಭಾನುವಾರ ಶೂಟಿಂಗ್ ರೇಂಜಿನಲ್ಲಿ. ಶೂಟಿಂಗ್ ಅಂದರೆ ಸಿನಿಮಾ ಅಲ್ಲ, ಪಿಸ್ತೂಲು ಹಿಡಿದು ಓಡುತ್ತಾ ಗುರಿ ಹೊಡೆಯುವ ಪ್ರಾಕ್ಟಿಕಲ್ ಶೂಟಿಂಗ್ ಎಂಬ ಆಟ. ನಮ್ಮಮ್ಮ ಒಮ್ಮೆ ಪಕ್ಕದ ಮನೆಯವರಿಗೆ 'ಮಗ ಶೂಟಿಂಗ್‌ಗೆ ಫ್ರಾನ್ಸಿಗೆ ಹೋಗಿದ್ದಾನೆ' ಅಂದು, ಅವರು 'ಹೀರೋ ಯಾರು?' ಅಂತ ಕೇಳಿ, ಆ ಗೊಂದಲ ಬಗೆಹರಿಯಲು ಒಂದು ವಾರ ಹಿಡಿಯಿತು. ಬಂದ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರ.

ಮನು ಭಾಕರ್ ಮಾಡುವ ಶೂಟಿಂಗಿಗೂ ನೀವು ಹೇಳುವ ಪ್ರಾಕ್ಟಿಕಲ್ ಶೂಟಿಂಗಿಗೂ ಏನು ವ್ಯತ್ಯಾಸ? ಇದು ಒಲಿಂಪಿಕ್ಸ್‌ನಲ್ಲಿ ಇದೆಯಾ?
– ಕಾಲೇಜು ವಿದ್ಯಾರ್ಥಿ, ಮೈಸೂರು

ಒಲಿಂಪಿಕ್ಸ್‌ನಲ್ಲಿ ಇಲ್ಲ. ಆದರೆ ಒಂದು ಮಜಾ ಇದೆ ನೋಡಿ. 2024ರಲ್ಲಿ ಮನು ಎರಡು ಕಂಚು ಗೆದ್ದದ್ದು ಪ್ಯಾರಿಸ್ ಊರಿನಲ್ಲಿ ಅಲ್ಲ. ಅಲ್ಲಿಂದ ದಕ್ಷಿಣಕ್ಕೆ ಸುಮಾರು 270 ಕಿಲೋಮೀಟರ್ ದೂರದ ಶಾತೊರು ಎಂಬಲ್ಲಿರುವ ಶೂಟಿಂಗ್ ಕೇಂದ್ರದಲ್ಲಿ. ಅದೇ ಜಾಗದಲ್ಲಿ 2017ರಲ್ಲಿ ನಮ್ಮ ಹ್ಯಾಂಡ್‌ಗನ್ ವರ್ಲ್ಡ್ ಶೂಟ್, ಅಂದರೆ ನಮ್ಮ ಆಟದ ಪಿಸ್ತೂಲಿನ ವಿಶ್ವ ಚಾಂಪಿಯನ್‌ಶಿಪ್, ನಡೆದಿತ್ತು. ಟೀವಿಯಲ್ಲಿ ಆ ಊರಿನ ಹೆಸರು ಕೇಳಿದಾಗ ನನಗೆ ನೆನಪಾದದ್ದು ಪದಕ ಅಲ್ಲ, ಅಲ್ಲಿನ ಧೂಳಿನಲ್ಲಿ ಕಳೆದುಹೋದ ಒಂದು ಮ್ಯಾಗಝೀನ್ (ಓದುವುದಲ್ಲ, ಪಿಸ್ತೂಲಿನ ಹಿಡಿಯೊಳಗೆ ತೂರಿಸುವ ಗುಂಡಿನ ಡಬ್ಬಿ).

ಮನು ನಿಂತಲ್ಲೇ ನಿಂತು, ಒಂದೇ ಕೈಯಲ್ಲಿ ಏರ್ ಪಿಸ್ತೂಲು ಹಿಡಿದು, 10 ಮೀಟರ್ ದೂರದ ಅಂಗೈಗಿಂತ ಚಿಕ್ಕ ಕಪ್ಪು ಚುಕ್ಕೆಗೆ ಗುರಿ ಇಡುತ್ತಾರೆ. ಆ ಮಟ್ಟದ ಸ್ಥಿರತೆ ನಮ್ಮಲ್ಲಿ ಯಾರಿಗೂ ಇಲ್ಲ. ನಮ್ಮದು ಓಡುವ ಆಟ. ಮಣ್ಣಿನ ದಿಬ್ಬಗಳ ಮಧ್ಯೆ ಮರದ ಚೌಕಟ್ಟು, ಬಲೆ, ಬಾಗಿಲು, ಕಿಟಕಿ ಎಲ್ಲ ನಿಲ್ಲಿಸಿ ಒಂದು ತಾತ್ಕಾಲಿಕ ಮನೆಯ ಹಾಗೆ ಮಾಡಿರುತ್ತಾರೆ. ಅದಕ್ಕೆ ಸ್ಟೇಜ್ ಅನ್ನುತ್ತೇವೆ. ಅಲ್ಲಲ್ಲಿ ರಟ್ಟಿನ ಟಾರ್ಗೆಟ್‌ಗಳು, ಗುಂಡು ಬಿದ್ದರೆ ಉರುಳುವ ಉಕ್ಕಿನ ಪಾಪರ್‌ಗಳು. ಒಂದು ಪಾಪರ್ ಉರುಳಿದ ಕೂಡಲೇ ತಂತಿ ಎಳೆದು, ಇನ್ನೆಲ್ಲೋ ಮೂಲೆಯಲ್ಲಿ ಒಂದು ಟಾರ್ಗೆಟ್ ಗಡಿಯಾರದ ಲೋಲಕದ ಹಾಗೆ ಆಚೀಚೆ ತೂಗಲು ಶುರು ಮಾಡುತ್ತದೆ. ಬಿಳಿ ಬಣ್ಣದ್ದು ಕಂಡರೆ ಅದನ್ನು ಮುಟ್ಟುವ ಹಾಗಿಲ್ಲ, ಹೊಡೆದರೆ 10 ಅಂಕ ಹೋಯಿತು. ಬೀಪ್ ಆದ ಕ್ಷಣದಿಂದ ನಿಮ್ಮ ಕೊನೆಯ ಗುಂಡಿನವರೆಗೆ ಟೈಮರ್ ಓಡುತ್ತಿರುತ್ತದೆ.

ಈಗ ಲೆಕ್ಕ. ಇದು ಗೊತ್ತಾದರೆ ಆಟ ಗೊತ್ತಾದ ಹಾಗೆ. ರಟ್ಟಿನ ಮಧ್ಯದ ಎ ಜಾಗಕ್ಕೆ 5 ಅಂಕ, ಅದರ ಸುತ್ತಲ ಸಿ ಜಾಗಕ್ಕೆ 3, ಅಂಚಿನ ಡಿಗೆ 1. ನಾನು ಬಳಸುವ 9 ಎಂ.ಎಂ. ಪಿಸ್ತೂಲಿಗೆ ಇದು. ಜಾಸ್ತಿ ಶಕ್ತಿಯ ಗುಂಡಾದರೆ ಸಿಗೆ 4, ಡಿಗೆ 2. ಗಳಿಸಿದ ಅಂಕವನ್ನು ತೆಗೆದುಕೊಂಡ ಸೆಕೆಂಡುಗಳಿಂದ ಭಾಗಿಸಿದರೆ ಬರುವುದೇ ಹಿಟ್ ಫ್ಯಾಕ್ಟರ್. 12 ಟಾರ್ಗೆಟ್, ಒಂದೊಂದಕ್ಕೆ ಎರಡು ಗುಂಡು, ಒಟ್ಟು 24 ಗುಂಡಿನ ಸ್ಟೇಜ್ ಅಂದುಕೊಳ್ಳಿ. ನಾನು ನಿಧಾನವಾಗಿ, ಶಿಸ್ತಾಗಿ 20 ಎ, 4 ಸಿ ಹೊಡೆದೆ. 112 ಅಂಕ, 16 ಸೆಕೆಂಡು, ಹಿಟ್ ಫ್ಯಾಕ್ಟರ್ 7. ನನ್ನ ಹಿಂದೆ ಬಂದ ಹುಡುಗ ಬಿರುಗಾಳಿ ಹಾಗೆ ಓಡಿ 14 ಎ, 8 ಸಿ, 2 ಡಿ ಹೊಡೆದ. ಬರೀ 96 ಅಂಕ. ಆದರೆ ಸಮಯ 13 ಸೆಕೆಂಡು, ಹಿಟ್ ಫ್ಯಾಕ್ಟರ್ 7.38. ಅವನೇ ಗೆದ್ದ! ಆದರೆ ಆ ಎರಡು ಡಿಗಳಲ್ಲಿ ಒಂದು ರಟ್ಟಿಗೇ ತಾಗದೆ ಹೋಗಿದ್ದರೆ? ಆಗ ಅಂಕ ಹೋಗುವುದಲ್ಲದೆ ಮಿಸ್‌ಗೆ 10 ಕಳೆಯುತ್ತಾರೆ. 85 ಅಂಕ, 6.54. ಪಾಪ, ಮನೆಗೆ. ವೇಗಕ್ಕೂ ಗುರಿಗೂ ನಡುವೆ ಇರುವುದು ಆ ಒಂದು ಡಿ ಅಗಲದ ಜಾಗ ಅಷ್ಟೇ. ವರ್ಷಗಟ್ಟಲೆ ಅಭ್ಯಾಸ ಮಾಡುವುದೂ ಅದಕ್ಕೇ.

ಈ ಆಟದ ಅಂತಾರಾಷ್ಟ್ರೀಯ ಒಕ್ಕೂಟ ಹುಟ್ಟಿದ್ದು 1976ರಲ್ಲಿ, ಅಮೆರಿಕದ ಮಿಸ್ಸೌರಿಯ ಕೊಲಂಬಿಯಾದಲ್ಲಿ. ಅಮೆರಿಕದ ಶೂಟಿಂಗ್ ತರಬೇತುದಾರ ಜೆಫ್ ಕೂಪರ್ ಮೊದಲ ಅಧ್ಯಕ್ಷ. ಇಂಟರ್‌ನ್ಯಾಷನಲ್ ಪ್ರಾಕ್ಟಿಕಲ್ ಶೂಟಿಂಗ್ ಕಾನ್ಫೆಡರೇಷನ್ ಅಂತ ಪೂರ್ತಿ ಹೆಸರು, ಐಪಿಎಸ್‌ಸಿ ಅಂತ ಕರೆಯುತ್ತೇವೆ. ಅವರ ಲ್ಯಾಟಿನ್ ಧ್ಯೇಯವಾಕ್ಯ 'ಡಿಲಿಜೆನ್ಶಿಯಾ, ವಿಸ್, ಸೆಲೆರಿಟಾಸ್', ಅಂದರೆ ನಿಖರತೆ, ಶಕ್ತಿ, ವೇಗ. ಮೂರರಲ್ಲಿ ವೇಗ ಕೊನೆಗೆ ಬರುತ್ತದೆ ಅನ್ನುವುದನ್ನು ನೆನಪಿಟ್ಟುಕೊಳ್ಳಿ.

ಮುಂದಿನ ವರ್ಷ ವಿದೇಶದ ಒಂದು ಮ್ಯಾಚ್‌ಗೆ ಹೋಗುವ ಆಸೆ ಇದೆ. ವಿಮಾನದಲ್ಲಿ ಪಿಸ್ತೂಲು ಒಯ್ಯುವುದು ಹೇಗೆ? ಬೆಂಗಳೂರಿನಿಂದ ಹೊರಡುವವರಿಗೂ ಇದು ಸಾಧ್ಯವಾ?
– ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು

ಎಲ್ಲರೂ ಬೀಪ್ ಆದ ಮೇಲೆ ಏನು ಅಂತ ಕೇಳುತ್ತಾರೆ. ನೀವು ಬೀಪ್‌ಗೆ ಆರು ತಿಂಗಳು ಮುಂಚಿನದು ಕೇಳಿದ್ದೀರಿ. ಸರಿಯಾದ ಪ್ರಶ್ನೆ.

ಮೊದಲನೆಯದು, ಸುಮ್ನೆ ದುಡ್ಡು ಕಟ್ಟಿ ಹೆಸರು ಬರೆಸಲು ಆಗುವುದಿಲ್ಲ. ನೀವು ವಾಸವಿರುವ ದೇಶದ ಐಪಿಎಸ್‌ಸಿ ಘಟಕದ ಸದಸ್ಯರಾಗಿರಬೇಕು, ಅಲ್ಲಿನ ಮುಖ್ಯಸ್ಥರ ಒಪ್ಪಿಗೆ ಬೇಕು. ವರ್ಲ್ಡ್ ಶೂಟ್‌ಗಾದರೆ ದೇಶಕ್ಕೆ ಇಷ್ಟು ಸ್ಲಾಟ್ ಅಂತ ಹಂಚುತ್ತಾರೆ. ಸ್ಲಾಟ್ ಸಿಕ್ಕ ಮೇಲೆ ಮ್ಯಾಚ್ ನಡೆಸುವವರು ನಿಮ್ಮ ಪಿಸ್ತೂಲಿನ ಕಂಪನಿ, ಮಾದರಿ, ಕ್ಯಾಲಿಬರ್, ಸೀರಿಯಲ್ ನಂಬರ್ ಎಲ್ಲ ಕೇಳಿ ಆ ದೇಶದ ಪೊಲೀಸರಿಂದ ತಾತ್ಕಾಲಿಕ ಪರವಾನಗಿ ಮಾಡಿಸುತ್ತಾರೆ. ಇತ್ತ ನಿಮ್ಮ ದೇಶದಿಂದ ಹೊರಗೆ ಒಯ್ಯಲು ಒಂದು ಕಾಗದ, ವಾಪಸ್ ತರಲು ಒಂದು ಕಾಗದ. ನಡುವೆ ವಿಮಾನ ಬದಲಿಸುವ ಊರು ಇದ್ದರೆ, ಪೆಟ್ಟಿಗೆ ನಿಮ್ಮ ಕೈಗೆ ಬರದಿದ್ದರೂ, ಅಲ್ಲಿಗೂ ಬೇರೆ ಅನುಮತಿ ಬೇಕಾಗಬಹುದು. ಟಿಕೆಟ್ ಅಗ್ಗ ಅಂತ ಎರಡು ಕಡೆ ಇಳಿದು ಹತ್ತುವ ವಿಮಾನ ಬುಕ್ ಮಾಡಬೇಡಿ. ನೇರ ವಿಮಾನಕ್ಕೆ ಕೊಟ್ಟ ಹೆಚ್ಚಿನ ದುಡ್ಡು ನಿದ್ದೆಯ ರೂಪದಲ್ಲಿ ವಾಪಸ್ ಬರುತ್ತದೆ.

ನನ್ನ ಕಥೆ ಹೇಳುತ್ತೇನೆ. ಒಮ್ಮೆ ಹೊರಡುವ ದಿನ ಚೆಕ್‌ಇನ್ ಕೌಂಟರಿನಲ್ಲಿ ಪೆಟ್ಟಿಗೆ ತೆರೆದು ತೋರಿಸಿದೆ. ಅಲ್ಲಿದ್ದ ಮಹಿಳೆ ಪರವಾನಗಿ ಹಿಡಿದು ಒಂದೊಂದೇ ಅಂಕಿ ಬೆರಳಿಟ್ಟು ಓದುತ್ತಾ ಬಂದು ಆರನೆಯ ಅಂಕಿಗೆ ನಿಂತರು. ಪಿಸ್ತೂಲಿನ ಮೇಲೆ 8. ಕಾಗದದಲ್ಲಿ 6. ಅರ್ಜಿ ತುಂಬುವಾಗ ನಾನೇ ಮಾಡಿದ ತಪ್ಪು, ರಾತ್ರಿ ಹನ್ನೊಂದು ಗಂಟೆಗೆ, ಕನ್ನಡಕ ಹಾಕಿಕೊಳ್ಳದೆ. ಅಷ್ಟೇ, ಮುಗಿಯಿತು. ಅಂಗಲಾಚಿದೆ, ಫೋಟೊ ತೋರಿಸಿದೆ, ಲೈಸೆನ್ಸ್ ತೋರಿಸಿದೆ. ಆಕೆ ನಗುಮುಖದಲ್ಲೇ 'ಇಲ್ಲ' ಅಂದರು. ತಪ್ಪು ಆಕೆಯದಲ್ಲ. ವಿಮಾನ ಹೋಯಿತು, ನಾನು ಟ್ರಾಲಿ ಮೇಲೆ ಕೂತು ಹೊಸ ಕಾಗದಕ್ಕಾಗಿ ಬೇರೆ ದೇಶದ ಹೊತ್ತಿಗೆ ಸರಿಯಾಗಿ ಫೋನ್ ಮಾಡುತ್ತಾ ಐದು ಗಂಟೆ ಕಳೆದೆ. ಮಾರನೇ ದಿನ ಹೋದೆ. ಅಂದಿನಿಂದ ಸೀರಿಯಲ್ ನಂಬರನ್ನು ನಾನು ಓದುವುದಿಲ್ಲ, ಹೆಂಡತಿ ಓದುತ್ತಾಳೆ, ನಾನು ಕಾಗದದಲ್ಲಿ ಟಿಕ್ ಹಾಕುತ್ತೇನೆ.

ಪೆಟ್ಟಿಗೆ ಗಟ್ಟಿಯದಾಗಿರಬೇಕು, ಬೀಗ ಇರಬೇಕು, ಪಿಸ್ತೂಲು ಖಾಲಿ ಇರಬೇಕು, ಕೌಂಟರಿನಲ್ಲಿ ನೀವೇ ಬಾಯಿಬಿಟ್ಟು ಹೇಳಬೇಕು. ಕ್ಯಾಬಿನ್‌ಗೆ ಪ್ರಶ್ನೆಯೇ ಇಲ್ಲ. ಗುಂಡು ಬೇರೆ ಪ್ಯಾಕಿನಲ್ಲಿ, ಒಬ್ಬರಿಗೆ ಹೆಚ್ಚೆಂದರೆ 5 ಕಿಲೋ. 5 ಕಿಲೋ ಅಂದರೆ ತುಂಬಾ ಅನಿಸುತ್ತದೆ ಅಲ್ವಾ? ಒಂದು 9 ಎಂ.ಎಂ. ಕಾಡತೂಸು ಹತ್ತಿರ ಹತ್ತಿರ 12 ಗ್ರಾಂ ತೂಗುತ್ತದೆ. ಅಲ್ಲಿಗೆ 400 ಗುಂಡು. ವರ್ಲ್ಡ್ ಶೂಟ್‌ನಲ್ಲಿ 30 ಸ್ಟೇಜ್. ಸಣ್ಣ ಸ್ಟೇಜಿಗೆ ಹೆಚ್ಚೆಂದರೆ 12 ಗುಂಡು, ಮಧ್ಯಮಕ್ಕೆ 24, ದೊಡ್ಡದಕ್ಕೆ 32. ಮೂರು ಸಣ್ಣದಕ್ಕೆ ಎರಡು ಮಧ್ಯಮ, ಒಂದು ದೊಡ್ಡದು ಎಂಬ ಲೆಕ್ಕ ಹಿಡಿದರೆ 580ರ ತನಕ ಬೇಕಾಗಬಹುದು. ಮಿಸ್ ಆದದ್ದಕ್ಕೆ ಮತ್ತೆ ಹೊಡೆಯುವುದು ಬೇರೆ. ಹಾಗಾಗಿ ಬಹಳ ಜನ ಗುಂಡನ್ನು ಅಲ್ಲೇ ಮುಂಗಡ ಹೇಳಿ ಕೊಳ್ಳುತ್ತಾರೆ.

ಇನ್ನು ಬೆಂಗಳೂರಿನ ಮಾತು. ಇಲ್ಲಿ ಕಷ್ಟ ಇದೆ, ಮುಚ್ಚಿಡುವುದಿಲ್ಲ. ಭಾರತದಲ್ಲಿ 9 ಎಂ.ಎಂ. ನಿಷೇಧಿತ ಬೋರ್ (ನಳಿಗೆಯ ಅಳತೆ), ಸಾಮಾನ್ಯ ನಾಗರಿಕರಿಗೆ ಸಿಗುವುದಿಲ್ಲ. ಲೈಸೆನ್ಸ್ ಇರುವವರ ಬಳಿ ಸಾಮಾನ್ಯವಾಗಿ ಕಾಣುವುದು .32 ಪಿಸ್ತೂಲು. ನಮ್ಮ ಆಟದಲ್ಲಿ ಗುಂಡಿನ ತೂಕವನ್ನು (ಗ್ರೇನ್ ಎಂಬ ಸಣ್ಣ ತೂಕದ ಅಳತೆಯಲ್ಲಿ) ಅದರ ವೇಗದಿಂದ (ಸೆಕೆಂಡಿಗೆ ಅಡಿ) ಗುಣಿಸಿ ಸಾವಿರದಿಂದ ಭಾಗಿಸಿದರೆ ಕನಿಷ್ಠ 125 ಬರಬೇಕು. ಅದಕ್ಕೆ ಪವರ್ ಫ್ಯಾಕ್ಟರ್ ಅನ್ನುತ್ತಾರೆ. .32ರ 71 ಗ್ರೇನ್ ಗುಂಡು 900 ಅಡಿ ವೇಗದಲ್ಲಿ ಹೋದರೂ 64ರ ಆಸುಪಾಸು. ಅರ್ಧ ದಾರಿ ಅಷ್ಟೇ. ಹಾಗಾಗಿ ನಿಮಗೆ ಪ್ರಾಯೋಗಿಕ ದಾರಿ ಅಂದರೆ ಅಲ್ಲಿಗೆ ಹೋಗಿ, ಅಲ್ಲಿನ ಕಾನೂನು ಒಪ್ಪುವ ರೀತಿಯಲ್ಲಿ, ಸ್ಥಳೀಯ ಕ್ಲಬ್ಬಿನ ಮೂಲಕ ಪಿಸ್ತೂಲು ಎರವಲು ಅಥವಾ ಬಾಡಿಗೆಗೆ ಪಡೆಯುವುದು. ಮ್ಯಾಚ್‌ಗೆ ಮೂರು ದಿನ ಮುಂಚೆ ತಲುಪಿ ಅದರ ಟ್ರಿಗರ್‌ಗೆ ಬೆರಳು ಒಗ್ಗಿಸಿಕೊಳ್ಳಿ. ಬೇರೆಯವರ ಪಿಸ್ತೂಲು ಅಂದರೆ ಬೇರೆಯವರ ಚಪ್ಪಲಿ ಹಾಗೆ, ನಡೆಯಬಹುದು, ಓಡುವಾಗ ಗೊತ್ತಾಗುತ್ತದೆ.

ಇನ್ನೊಂದು, ಇದು ತುಂಬಾ ಮುಖ್ಯ. ರೇಂಜಿಗೆ ಒಯ್ಯುವ ಚೀಲವನ್ನು ವಿಮಾನದ ಕೈಚೀಲವಾಗಿ ಬಳಸಲೇಬೇಡಿ. ಹೊಲಿಗೆ ಸಂದಿಯಲ್ಲಿ ಒಂದೇ ಒಂದು ಕಾಡತೂಸು ಉಳಿದರೂ ಭಾರತದ ವಿಮಾನ ನಿಲ್ದಾಣದಲ್ಲಿ ಅದು ಆರ್ಮ್ಸ್ ಆ್ಯಕ್ಟ್ ಕೇಸು. ಮರೆತಿದ್ದೆ ಅಂದರೆ ಪೊಲೀಸರು ಬರೆದುಕೊಳ್ಳುತ್ತಾರೆ, ಬಿಡುವುದಿಲ್ಲ. ನಾನು ಊರಿಗೆ ಬರುವಾಗ ಹೊಸ ಚೀಲವನ್ನೇ ತರುತ್ತೇನೆ. ರೇಂಜಿನ ಪ್ಯಾಂಟು ಕೂಡ ಮೆಲ್ಬರ್ನ್‌ನಲ್ಲೇ ಉಳಿಯುತ್ತದೆ.

ನಾವು ಕೊಡವರು. ಮನೆಯಲ್ಲಿ ಕೋವಿ ಇದೆ, ಲೈಸೆನ್ಸ್ ವಿನಾಯಿತಿಯೂ ಇದೆ. ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ ಎರಡು ಸಲ ಬಹುಮಾನ ಬಂದಿದೆ. ಆ ಕೋವಿಯನ್ನೇ ತೆಗೆದುಕೊಂಡು ವಿದೇಶದ ಮ್ಯಾಚ್‌ಗೆ ಹೋಗಬಹುದೇ?
– ಕಾಫಿ ಬೆಳೆಗಾರರು, ಮಡಿಕೇರಿ

ಸರ್, ನಿಮ್ಮ ವಿನಾಯಿತಿ ದೊಡ್ಡ ಮಾತೇ. ಕೇಂದ್ರ ಸರ್ಕಾರ ಅದನ್ನು 2029ರ ತನಕ ವಿಸ್ತರಿಸಿದೆ, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿದಿದೆ. ಆದರೆ ಅದು ಭಾರತದ ಕಾನೂನಿನೊಳಗಿನ ವಿನಾಯಿತಿ. ಬೇರೆ ದೇಶದ ಕಸ್ಟಮ್ಸ್ ಅಧಿಕಾರಿಗೆ ಅದು ಒಂದು ಕಾಗದ, ಅಷ್ಟೇ. ಅವರ ದೇಶದ ಪರವಾನಗಿ ನಿಮಗೂ ಬೇಕು, ನನಗೂ ಬೇಕು.

ಕೋವಿಗೂ ನಮ್ಮಲ್ಲಿ ಜಾಗ ಇದೆ. ಐಪಿಎಸ್‌ಸಿ ಶಾಟ್‌ಗನ್ ಅಂತ ಬೇರೆ ವಿಭಾಗವೇ ಇದೆ. ಅದರ ವರ್ಲ್ಡ್ ಶೂಟ್ 2018ರಲ್ಲಿ ಅದೇ ಶಾತೊರುವಿನಲ್ಲಿ, 2023ರಲ್ಲಿ ಪಟ್ಟಾಯದಲ್ಲಿ ಆಯಿತು. ಆದರೆ ಜೋಡುನಳಿಗೆ ಕೋವಿಯಲ್ಲಿ ಎರಡು ಹೊಡೆದು ಮತ್ತೆ ಮಡಚಿ ತುಂಬುವಷ್ಟರಲ್ಲಿ ಪಕ್ಕದವನು ಎಂಟು ಹೊಡೆದು ಮುಗಿಸಿರುತ್ತಾನೆ. ಅಲ್ಲಿ ಆಟ ಗೆಲ್ಲುವುದೇ ತುಂಬುವ ಕೈ. ಸೊಂಟದ ಬೆಲ್ಟಿನಿಂದ ಒಮ್ಮೆಗೆ ನಾಲ್ಕು ತೋಟಾ ಎಳೆದು ಎರಡೆರಡಾಗಿ ಒಳಗೆ ತಳ್ಳುವುದನ್ನು ನೋಡಿದರೆ ಅಡಿಕೆ ಸುಲಿಯುವ ಕೈ ನೆನಪಾಗುತ್ತದೆ. ನಿಮ್ಮ ಗುರಿ ಬಗ್ಗೆ ನನಗೆ ಅನುಮಾನ ಇಲ್ಲ. ತೆಂಗಿನಕಾಯಿ ಮಾತ್ರ ನಿಂತಲ್ಲೇ ಇರುತ್ತದೆ, ಸೆಕೆಂಡು ಯಾರೂ ಎಣಿಸುವುದಿಲ್ಲ.

ಮಗಳಿಗೆ 22 ವರ್ಷ, ಕೆನಡಾದಲ್ಲಿ ಓದುತ್ತಿದ್ದಾಳೆ. ಅಲ್ಲಿ ಈ ಆಟ ಕಲಿತು, ಈಗ ಇನ್ನೊಂದು ದೇಶಕ್ಕೆ ಮ್ಯಾಚ್‌ಗೆ ಹೋಗುತ್ತೇನೆ ಅನ್ನುತ್ತಾಳೆ. ಎಲ್ಲರ ಕೈಯಲ್ಲೂ ಪಿಸ್ತೂಲು, ಓಡುವುದು ಬೇರೆ. ನನಗೆ ಎದೆ ಹೊಡೆದುಕೊಳ್ಳುತ್ತದೆ. ಅಪಾಯ ಇಲ್ಲವೇ?
– ಗೃಹಿಣಿ, ಹುಬ್ಬಳ್ಳಿ

ಅಮ್ಮಾ, ಎಲ್ಲರ ಕೈಯಲ್ಲೂ ಪಿಸ್ತೂಲು ಇರುವುದಿಲ್ಲ. ಎಲ್ಲರ ಸೊಂಟದಲ್ಲೂ ಇರುತ್ತದೆ, ಖಾಲಿ. ಇನ್ನೂರು ಜನ ಇದ್ದರೂ ಒಂದು ಸ್ಟೇಜಿನಲ್ಲಿ ಗುಂಡು ತುಂಬಿದ ಪಿಸ್ತೂಲು ಒಬ್ಬರ ಬಳಿ ಮಾತ್ರ, ಅದೂ ಅವರ ಸರದಿ ಬಂದು ರೇಂಜ್ ಆಫೀಸರ್ 'ಲೋಡ್ ಆ್ಯಂಡ್ ಮೇಕ್ ರೆಡಿ' ಅಂದ ಮೇಲೆ. ಆಮೇಲೆ 'ಆರ್ ಯು ರೆಡಿ', 'ಸ್ಟ್ಯಾಂಡ್‌ಬೈ', ಬೀಪ್. ಮುಗಿದ ಕೂಡಲೇ ಖಾಲಿ ಮಾಡಿ, ತೆರೆದು ತೋರಿಸಿ, ಹೋಲ್‌ಸ್ಟರ್‌ಗೆ (ಸೊಂಟದ ಪಿಸ್ತೂಲು ಚೀಲಕ್ಕೆ) ಹಾಕಿದ ಮೇಲೆ 'ರೇಂಜ್ ಈಸ್ ಕ್ಲಿಯರ್' ಅನ್ನುವ ತನಕ ಉಳಿದವರು ಒಂದು ಹೆಜ್ಜೆ ಮುಂದೆ ಬರುವ ಹಾಗಿಲ್ಲ. ದೊಡ್ಡ ಮ್ಯಾಚ್‌ಗಳಲ್ಲಿ ಯಾವ ದೇಶಕ್ಕೆ ಹೋದರೂ ಈ ಮಾತುಗಳು ಇಂಗ್ಲಿಷಿನಲ್ಲೇ, ಇದೇ ಕ್ರಮದಲ್ಲೇ. ಸ್ನೇಹಿತನಿಗೆ ತೋರಿಸೋಣ ಅಂತ ಸುಮ್ನೆ ಪಿಸ್ತೂಲು ಹೊರಗೆ ತೆಗೆದರೂ ಮ್ಯಾಚ್‌ನಿಂದ ಹೊರಗೆ. ಅದಕ್ಕೆ ಸೇಫ್ಟಿ ಏರಿಯಾ ಅಂತ ಬೇರೆ ಜಾಗ ಇರುತ್ತದೆ. ಅಲ್ಲಿ ಪಿಸ್ತೂಲು ಮುಟ್ಟಬಹುದು, ಗುಂಡು ಮುಟ್ಟುವ ಹಾಗಿಲ್ಲ. ಓಡುವಾಗ, ಮ್ಯಾಗಝೀನ್ ಬದಲಿಸುವಾಗ ಬೆರಳು ಟ್ರಿಗರ್ ಸುತ್ತಲಿನ ಬಳೆಯ ಒಳಗೆ ಇದ್ದರೆ ಹೊರಗೆ. ಪಿಸ್ತೂಲು ಕೈಜಾರಿದರೆ ಹೊರಗೆ. ನಳಿಗೆ ಮುಂದಿನ ದಿಬ್ಬ ಬಿಟ್ಟು ಪಕ್ಕಕ್ಕೆ 90 ಡಿಗ್ರಿ ದಾಟಿದರೆ ಹೊರಗೆ. ಎಚ್ಚರಿಕೆ ಕೊಟ್ಟು ಬಿಡುವ ಮಾತಿಲ್ಲ. ವಿಶ್ವ ಚಾಂಪಿಯನ್ ಆದರೂ ಅಷ್ಟೇ.

ಈ ಮಾತು ನನಗೆ ಹೇಗೆ ಗೊತ್ತು ಅಂದರೆ, ನನ್ನನ್ನೂ ಹೊರಗೆ ಹಾಕಿದ್ದರು. ನನ್ನ ಮೊದಲ ಹೊರದೇಶದ ಮ್ಯಾಚ್. ಎಂಟು ತಿಂಗಳ ಉಳಿತಾಯ, ಆಫೀಸಿನಲ್ಲಿ ಬೇಡಿ ಪಡೆದ ರಜೆ. ಮೂರನೇ ಸ್ಟೇಜ್. ಬಲಗಡೆಯ ಕಿಟಕಿಯಿಂದ ಎಡಗಡೆಯ ಬಾಗಿಲಿಗೆ ಓಡಬೇಕು, ಓಡುತ್ತಲೇ ಮ್ಯಾಗಝೀನ್ ಬದಲಿಸಬೇಕು. ಬಲಗೈಯವರಿಗೆ ಎಡಕ್ಕೆ ಓಡುವುದೇ ಕಂಟಕ. ಮೈ ಎಡಕ್ಕೆ ತಿರುಗಿದಾಗ ಕೈಯೂ ಜೊತೆಗೆ ತಿರುಗಲು ನೋಡುತ್ತದೆ. ನನಗೆ ಮ್ಯಾಗಝೀನ್ ಒಳಗೆ ಹೋದ ಸದ್ದು ಕೇಳಿತು, ಚೆನ್ನಾಗಿ ಹೋಯಿತು ಅಂತ ಖುಷಿಯೂ ಆಯಿತು, ಅಷ್ಟರಲ್ಲಿ ಹಿಂದಿನಿಂದ 'ಸ್ಟಾಪ್!' ನಾನು ನಿಂತೆ. ರೇಂಜ್ ಆಫೀಸರ್ ಸಿಟ್ಟಾಗಲಿಲ್ಲ. ಖಾಲಿ ಮಾಡಿಸಿ, ನಾನು ನಿಂತಿದ್ದ ಜಾಗಕ್ಕೆ ಕರೆದುಕೊಂಡು ಹೋಗಿ, ತಮ್ಮ ಕೈಯನ್ನೇ ಪಿಸ್ತೂಲಿನ ಹಾಗೆ ಮಾಡಿ ನಳಿಗೆ ಎಲ್ಲಿಗೆ ನೋಡುತ್ತಿತ್ತು ಅಂತ ತೋರಿಸಿದರು. ಜಗಳ ಮಾಡುವ ಹಾಗೆ ಇರಲಿಲ್ಲ.

ಮುಂದಿನ ಎರಡು ದಿನ ನಾನು ಟಾರ್ಗೆಟ್‌ಗಳಿಗೆ ಪೇಸ್ಟರ್ ಅಂಟಿಸಿದೆ. ರಟ್ಟಿನ ತೂತು ಮುಚ್ಚುವ ಕಂದು ಬಣ್ಣದ ಚಿಕ್ಕ ಚೌಕ ಅದು, ಸ್ಟಾಂಪಿಗಿಂತ ಸ್ವಲ್ಪ ದೊಡ್ಡದು. ಒಬ್ಬರು ಹೊಡೆದು ಮುಗಿಸಿದ ಮೇಲೆ ತಂಡದವರೆಲ್ಲ ಸೇರಿ ಅಂಟಿಸುತ್ತಾರೆ. ಬೆರಳ ತುದಿಯೆಲ್ಲ ಅಂಟು. ಬೇಜಾರಿನಲ್ಲೇ ಶುರು ಮಾಡಿದೆ, ಆದರೆ ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ತೂತು ನೋಡಿಯೇ ಯಾರು ಯಾವ ಟಾರ್ಗೆಟ್ಟನ್ನು ನಿಂತು ಹೊಡೆದರು, ಯಾರು ನಡೆಯುತ್ತಾ ಹೊಡೆದರು ಅಂತ ಹೇಳುವಷ್ಟು ಕಲಿತಿದ್ದೆ.

ಮಗಳಿಗೆ ಒಂದೇ ಮಾತು ಹೇಳಿ: ಮೊದಲ ಮ್ಯಾಚ್‌ನಲ್ಲಿ ಎಲ್ಲ ಸ್ಟೇಜ್ ಮುಗಿಸಿ ಬರುವುದೇ ಗುರಿ. ಮತ್ತೆ ಕಿವಿಗೆ, ಕಣ್ಣಿಗೆ ರಕ್ಷಣೆ ಇಲ್ಲದೆ ಅವರು ಯಾರನ್ನೂ ಹತ್ತಿರ ಬಿಡುವುದಿಲ್ಲ, ನೋಡಲು ಬಂದ ಅಪ್ಪ ಅಮ್ಮನನ್ನೂ. ನೀವೂ ಒಮ್ಮೆ ಹೋಗಿ ನೋಡಿ.

ಬೀಪ್ ಕೇಳಿದ ಮೇಲೆ ಮೊದಲು ಪಿಸ್ತೂಲು ತೆಗೆಯಬೇಕಾ, ಓಡಬೇಕಾ? ಯೋಚನೆ ಮಾಡಲು ಸಮಯ ಇರುತ್ತದಾ?
– ಪಿಯುಸಿ ವಿದ್ಯಾರ್ಥಿ, ಶಿವಮೊಗ್ಗ

ಎರಡೂ ಒಟ್ಟಿಗೆ. ಕಾಲು ಹೊರಡುವಾಗಲೇ ಕೈ ಹೋಲ್‌ಸ್ಟರ್‌ಗೆ ಹೋಗಿರಬೇಕು. ಒಂದು ಆದ ಮೇಲೆ ಇನ್ನೊಂದು ಅಂದರೆ ಒಂದು ಸೆಕೆಂಡು ದಾನ ಮಾಡಿದ ಹಾಗೆ.

ಯೋಚನೆ ಎಲ್ಲ ಬೀಪ್‌ಗೆ ಮುಂಚೆ. ನಿಮ್ಮ ತಂಡದ ಸರದಿ ಬಂದಾಗ ಕೆಲವು ನಿಮಿಷ ಸ್ಟೇಜ್ ಒಳಗೆ ಓಡಾಡಲು ಬಿಡುತ್ತಾರೆ. ಹತ್ತು ಹನ್ನೆರಡು ಜನ ದೊಡ್ಡವರು ಖಾಲಿ ಕೈ ಮುಂದೆ ಚಾಚಿಕೊಂಡು, ತುಟಿ ಅಲ್ಲಾಡಿಸುತ್ತಾ, ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಾ ನಡೆಯುವುದನ್ನು ನೋಡಿದರೆ ಚೌಕಿಯಲ್ಲಿ ಯಕ್ಷಗಾನದ ವೇಷಧಾರಿ ಕಣ್ಣುಮುಚ್ಚಿ ಹೆಜ್ಜೆ ನೆನಪಿಸಿಕೊಳ್ಳುವ ಹಾಗೆ ಇರುತ್ತದೆ. ಕೈಯಲ್ಲಿ ಆಟಿಕೆ ಪಿಸ್ತೂಲು ಕೂಡ ಹಿಡಿಯುವ ಹಾಗಿಲ್ಲ, ಬೆರಳೇ ಪಿಸ್ತೂಲು. ಎಲ್ಲಿ ನಿಂತರೆ ಯಾವ ಟಾರ್ಗೆಟ್ ಕಾಣುತ್ತದೆ, ಎಲ್ಲಿ ಮ್ಯಾಗಝೀನ್ ಬದಲಿಸಬೇಕು, ತೂಗುವ ಟಾರ್ಗೆಟ್ ಶುರು ಮಾಡಿ ಮಧ್ಯೆ ಬೇರೆ ಎರಡು ಹೊಡೆದು ವಾಪಸ್ ಬರಬಹುದಾ, ಎಲ್ಲ ಅಲ್ಲೇ ತೀರ್ಮಾನ. ಯಾರೂ ದಾರಿ ಹೇಳಿಕೊಡುವುದಿಲ್ಲ. ಒಂದೇ ಸ್ಟೇಜನ್ನು ಹತ್ತು ಜನ ಹತ್ತು ರೀತಿ ಮುಗಿಸುತ್ತಾರೆ.

ನನಗೆ ಇಲ್ಲಿ ಒಂದು ತಲೆನೋವು ಜಾಸ್ತಿ. ಆಸ್ಟ್ರೇಲಿಯಾದಲ್ಲಿ ಪಿಸ್ತೂಲಿನ ಮ್ಯಾಗಝೀನ್‌ಗೆ 10 ಗುಂಡಿನ ಮಿತಿ. 2002ರಲ್ಲಿ ಮೆಲ್ಬರ್ನ್‌ನ ಮೊನಾಷ್ ವಿಶ್ವವಿದ್ಯಾಲಯದಲ್ಲಿ ಗುಂಡಿನ ದಾಳಿ ಆಯಿತು, ಅದರ ಬೆನ್ನಿಗೇ ಬಂದ ಕಾನೂನು ಅದು. ಆದರೆ ನಾನು ಸ್ಪರ್ಧಿಸುವ, ಹೆಚ್ಚು ಮಾರ್ಪಾಡಿಲ್ಲದ ಪಿಸ್ತೂಲುಗಳ ಪ್ರೊಡಕ್ಷನ್ ವಿಭಾಗದಲ್ಲಿ ಐಪಿಎಸ್‌ಸಿ 15ರ ತನಕ ಬಿಡುತ್ತದೆ. ಹಾಗಾಗಿ ಬೇರೆ ದೇಶದವರ ತಲೆಯಲ್ಲಿ ಹದಿನೈದರ ಮಗ್ಗಿ ಓಡುತ್ತಿದ್ದರೆ ನನ್ನ ತಲೆಯಲ್ಲಿ ಹತ್ತರ ಮಗ್ಗಿ. ಶಾತೊರುವಿನಲ್ಲಿ ಅಲ್ಲಿನ ಗೆಳೆಯರೊಬ್ಬರು 15ರ ಮ್ಯಾಗಝೀನ್ ಎರವಲು ಕೊಟ್ಟರು. ಮೊದಲ ದಿನ ಏನಾಯಿತು ಗೊತ್ತಾ? ಹತ್ತು ಹೊಡೆದ ಕೂಡಲೇ ಕೈ ತನ್ನಷ್ಟಕ್ಕೆ ತಾನೇ ಮ್ಯಾಗಝೀನ್ ಕೆಳಗೆ ಬೀಳಿಸಿತು. ಒಳಗೆ ಇನ್ನೂ ಐದು ಗುಂಡು! ಧೂಳಿನಲ್ಲಿ ಹೋಯಿತು ಅಂದೆನಲ್ಲ, ಅದೇ ಅದು. ಗೆಳೆಯನಿಗೆ ಹೊಸದು ಕೊಡಿಸಬೇಕಾಯಿತು.

ಯಾವ ಪಿಸ್ತೂಲು ತೆಗೆದುಕೊಂಡರೆ ಒಳ್ಳೆಯದು?
– ದುಬೈನಿಂದ ಒಬ್ಬರು, ಊರು ದಾವಣಗೆರೆ

ನಿಮ್ಮ ಕ್ಲಬ್ಬಿನಲ್ಲಿ ಅತಿ ಹೆಚ್ಚು ಜನ ಬಳಸುವುದು ಯಾವುದೋ ಅದು. ಸ್ಪ್ರಿಂಗ್ ಮುರಿದಾಗ ಪಕ್ಕದವರ ಬಳಿ ಇರುತ್ತದೆ. ಶುರುವಿಗೆ ಓಪನ್ ವಿಭಾಗದ, ಬಹಳಷ್ಟು ಮಾರ್ಪಡಿಸಿದ ದುಬಾರಿ ಯಂತ್ರಗಳ ಕಡೆ ನೋಡಬೇಡಿ, ಪ್ರೊಡಕ್ಷನ್ ಸಾಕು. ಆ ದುಡ್ಡನ್ನು ಗುಂಡಿಗೆ ಹಾಕಿ, ಒಂದು ಜೊತೆ ಒಳ್ಳೆಯ ಬೂಟಿಗೆ ಹಾಕಿ. ಮಳೆ ಬಂದ ಮಣ್ಣಿನಲ್ಲಿ ಜಾರಿ ಬಿದ್ದು ಪಿಸ್ತೂಲು ಕೈಬಿಟ್ಟರೆ ಏನಾಗುತ್ತದೆ ಅಂತ ಮೇಲೆ ಹೇಳಿದ್ದೇನೆ.

ಪಿಸ್ತೂಲಿಗಿಂತ ಗುಂಡಿನ ಕಡೆ ಗಮನ ಕೊಡಿ. ಮ್ಯಾಚ್ ಮಧ್ಯೆ ಕ್ರೋನೊ ಅಂತ ಒಂದು ಕಡೆ ನಿಮ್ಮ ಗುಂಡಿನ ತೂಕ, ವೇಗ ಅಳೆಯುತ್ತಾರೆ. 124 ಗ್ರೇನ್ ಗುಂಡು 1050 ಅಡಿ ವೇಗದಲ್ಲಿ ಹೋದರೆ ಪವರ್ ಫ್ಯಾಕ್ಟರ್ 130, ಆರಾಮ. 990ಕ್ಕೆ ಇಳಿದರೆ 122.8, ಬೇಕಾದ 125ಕ್ಕಿಂತ ಕಡಿಮೆ. ಆಗ ಮ್ಯಾಚ್ ಪೂರ್ತಿ ಶೂಟ್ ಮಾಡಬಹುದು, ಆದರೆ ಅಂಕ ಸೊನ್ನೆ. ಬೇರೆ ದೇಶದಲ್ಲಿ ಕೊಂಡ ಗುಂಡು ನಿಮ್ಮ ಪಿಸ್ತೂಲಿನಲ್ಲಿ ಎಷ್ಟು ವೇಗ ಕೊಡುತ್ತದೆ ಅಂತ ಮುಂಚೆಯೇ ಅಳೆದು ನೋಡಿ.

ನಾನು ಸೇನೆಯಿಂದ ನಿವೃತ್ತ, 58 ವರ್ಷ. ಮಗ ನ್ಯೂಜಿಲೆಂಡಿನಲ್ಲಿದ್ದಾನೆ, ಅವನ ಜೊತೆ ಇರಲು ಹೋಗುತ್ತಿದ್ದೇನೆ. ಈ ವಯಸ್ಸಿನಲ್ಲಿ ಶುರು ಮಾಡಬಹುದೇ? ಊಟದ ವ್ಯವಸ್ಥೆ ಹೇಗೆ, ನಾವು ಸಸ್ಯಾಹಾರಿಗಳು.
– ಬೆಳಗಾವಿ

ಖಂಡಿತ ಮಾಡಬಹುದು ಸರ್. 50 ದಾಟಿದವರಿಗೆ ಸೀನಿಯರ್, 60 ದಾಟಿದರೆ ಸೂಪರ್ ಸೀನಿಯರ್, 70 ದಾಟಿದರೆ ಗ್ರ್ಯಾಂಡ್ ಸೀನಿಯರ್ ಅಂತ ಬೇರೆ ಬೇರೆ ಬಹುಮಾನ. ಪಟ್ಟಾಯದಲ್ಲಿ ನನ್ನ ತಂಡದಲ್ಲಿದ್ದ ಎಪ್ಪತ್ತರ ಹಿರಿಯರೊಬ್ಬರು ಓಡುತ್ತಿರಲಿಲ್ಲ, ನಡೆಯುತ್ತಿದ್ದರು. ಒಂದು ಮಿಸ್ ಇಲ್ಲ. ಮೂರು ಸ್ಟೇಜಿನಲ್ಲಿ ನನ್ನನ್ನು ಹಿಂದೆ ಹಾಕಿದರು. ಕೆಳಗಿನ ಕಿಂಡಿಗೆ ಮಂಡಿಯೂರಬೇಕಾದಾಗ ಮಾತ್ರ ಅವರು ಕೂತು ಏಳುವುದರೊಳಗೆ ನಮಗೆ ಒಂದು ಚಹಾ ಆಗುತ್ತಿತ್ತು. ಈಗಿನಿಂದಲೇ ಮಂಡಿಗೆ ವ್ಯಾಯಾಮ ಶುರು ಮಾಡಿ. ಹಳೆಯ ಸಮವಸ್ತ್ರದ ಮೇಲೆ ಪ್ರೀತಿ ಇರುತ್ತದೆ, ಆದರೆ ಸೇನೆಯ ಮಚ್ಚೆ ಮಚ್ಚೆ ಬಟ್ಟೆಯನ್ನು ನಮ್ಮ ನಿಯಮ ಪ್ರೋತ್ಸಾಹಿಸುವುದಿಲ್ಲ. ಟೀ ಶರ್ಟು, ಟೋಪಿ ಸಾಕು.

ಊಟಕ್ಕೆ ಅವಲಕ್ಕಿ, ಚಟ್ನಿಪುಡಿ, ಎಂಟಿಆರ್ ಪೊಟ್ಟಣ. ನ್ಯೂಜಿಲೆಂಡಿಗೆ ತಿಂಡಿ ಒಯ್ದರೆ ಪ್ರಯಾಣಿಕರ ಘೋಷಣೆಯಲ್ಲಿ ಪ್ರಾಮಾಣಿಕವಾಗಿ ಬರೆಯಿರಿ, ಅಲ್ಲಿ ಆಹಾರದ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ನನ್ನ ಅನುಭವದಲ್ಲಿ ಪಿಸ್ತೂಲಿಗಿಂತ ಉಪ್ಪಿನಕಾಯಿಗೆ ಹೆಚ್ಚು ಪ್ರಶ್ನೆ ಕೇಳಿದ್ದಾರೆ.

ಇಷ್ಟೆಲ್ಲ ಹೇಳಿದಿರಿ. ಪಟ್ಟಾಯದಲ್ಲಿ ನಿಮಗೆ ಎಷ್ಟನೇ ಸ್ಥಾನ ಬಂತು ಅಂತ ಮಾತ್ರ ಹೇಳಲೇ ಇಲ್ಲ?
– ಮಂಡ್ಯ

ಮಂಡ್ಯದವರು ಬಿಡುವುದಿಲ್ಲ ಅಂತ ಗೊತ್ತಿತ್ತು. 2020ರಲ್ಲಿ ಆಗಬೇಕಿದ್ದ ಹ್ಯಾಂಡ್‌ಗನ್ ವರ್ಲ್ಡ್ ಶೂಟ್ ಅದು, ಕೋವಿಡ್‌ನಿಂದ 2022ಕ್ಕೆ ಹೋಯಿತು. ಎರಡು ವರ್ಷ ಜಾಸ್ತಿ ಅಭ್ಯಾಸ ಮಾಡಲು ಸಿಕ್ಕಿತು ಅಂತ ನಾನು ಹಿಗ್ಗಿದೆ, ಉಳಿದವರಿಗೂ ಅಷ್ಟೇ ಸಿಕ್ಕಿತ್ತು ಅನ್ನುವುದು ಹೊಳೆಯಲಿಲ್ಲ. ಪ್ರತಿ ಸ್ಟೇಜಿನಲ್ಲಿ ಅತಿ ಹೆಚ್ಚು ಹಿಟ್ ಫ್ಯಾಕ್ಟರ್ ಬಂದವರಿಗೆ ಪೂರ್ತಿ ಅಂಕ, ಉಳಿದವರಿಗೆ ಅದರ ಪ್ರಮಾಣದಲ್ಲಿ. ಫ್ರಾನ್ಸಿನ ಎರಿಕ್ ಗ್ರಾಫೆಲ್ 1999ರಲ್ಲಿ ಫಿಲಿಪ್ಪೀನ್ಸ್‌ನ ಸೆಬುವಿನಲ್ಲಿ ಮೊದಲ ಸಲ ವಿಶ್ವ ಚಾಂಪಿಯನ್ ಆದವರು, ಆಮೇಲೂ ಮತ್ತೆ ಮತ್ತೆ ಗೆದ್ದವರು. ಅಂಥವರ ಅಳತೆಗೋಲಿನಲ್ಲಿ ನನ್ನದು ಅರ್ಧಕ್ಕಿಂತ ಸ್ವಲ್ಪ ಮೇಲೆ. 30 ಸ್ಟೇಜ್ ಸೇರಿಸಿದರೆ ನಾನು ನಿಜವಾಗಿ ಶೂಟ್ ಮಾಡಿದ್ದು ಹೆಚ್ಚುಕಡಿಮೆ ಏಳು ನಿಮಿಷ. ಉಳಿದ ದಿನಗಳೆಲ್ಲ ಬಿಸಿಲಲ್ಲಿ ಕಾಯುವುದು, ಪೇಸ್ಟರ್ ಅಂಟಿಸುವುದು, ಎಳನೀರು ಕುಡಿಯುವುದು.

ಫಲಿತಾಂಶದ ಪಟ್ಟಿಯನ್ನು ಮೇಲಿನಿಂದ ಓದುತ್ತಾ ಬಂದರೆ ನನ್ನ ಹೆಸರು ಸಿಗುವಷ್ಟರಲ್ಲಿ ನಿಮ್ಮ ಕಾಫಿ ಆರಿರುತ್ತದೆ. ಕೆಳಗಿನಿಂದ ಓದಿ, ಬಿಸಿ ಇರುವಾಗಲೇ ಸಿಗುತ್ತದೆ.